ಕೊಳ್ಳುವ ಮುನ್ನ ಸರಿಸಿ ನೋಡಿ



ಈ ತಿಂಗಳು ಅಂಗಡಿಯ ಮಾತು ಬಿಟ್ಟು, ಮನೆಯ ಒಂದು ಪೆಟ್ಟಿಗೆಯ ಮಾತು ಬರೆಯುತ್ತಿದ್ದೇನೆ. ನಾನು ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಆದರೂ ಬರೆಯಲು ಕಾರಣವಿದೆ. ಆದೋನಿಯ ನಮ್ಮ ಮನೆಯಲ್ಲಿ ಈ ಪೆಟ್ಟಿಗೆಯ ದೆಸೆಯಿಂದ ತಂದೆ ಮಗನಿಗೆ ಎರಡು ತಿಂಗಳು ಮುನಿಸಾಯಿತು. ಪಕ್ಕದ ಮನೆಯವರೊಡನೆ ಮೂವತ್ತು ವರ್ಷದ ಸ್ನೇಹ ಕೆಡುವುದರಲ್ಲಿತ್ತು.

ಮಗ ಆಸೆಪಟ್ಟು ಹೋಮ್ ಥಿಯೇಟರ್ ತಂದ. ಐದು ಚಿಕ್ಕ ಸ್ಪೀಕರ್, ಜೊತೆಗೆ ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆ. ಗುಡುಗು, ನಗಾರಿ, ರೈಲಿನ ಸದ್ದು ಮುಂತಾದ ಬೇಸ್ ಎಲ್ಲ ಇದರ ಪಾಲು. ಜೋಡಿಸಲು ಬಂದವನು ಕಾಲಿಗೆ ಅಡ್ಡ ಬಾರದಿರಲೆಂದು ಅದನ್ನು ಮೂಲೆಗೆ ತಳ್ಳಿ ಹೋದ. ಅಂದಿನಿಂದ ಶುರುವಾಯಿತು ತಕರಾರು. ಕೋಣೆಯ ನಟ್ಟನಡುವಿನ ಸೋಫಾದಲ್ಲಿ ಕೂತ ಮಗ, "ಬೇಸ್ ಬರ್ತಾನೇ ಇಲ್ಲ ಅಪ್ಪಾಜಿ" ಎಂದು ಸದ್ದು ಏರಿಸುವನು. ಹಿಂದಿನ ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೂತ ಅವನ ತಾಯಿ, "ಎದೆಗೆ ಗುದ್ದಿದಂಗ ಆಗ್ತದ, ಕಡಿಮೆ ಮಾಡೋ" ಎನ್ನುವಳು. ಒಂದೇ ಕೋಣೆ, ಒಂದೇ ಪೆಟ್ಟಿಗೆ, ಇಬ್ಬರ ಮಾತೂ ನಿಜ!

ಒಂದು ದಿನ ಪಕ್ಕದ ಮನೆಯ ಹಿರಿಯರು ಅಂಗಡಿಗೆ ಬಂದರು. ಅವರಿಗೆ ಹೃದಯದ ಆಪರೇಷನ್ ಆಗಿ ಆರು ತಿಂಗಳೂ ಆಗಿರಲಿಲ್ಲ. "ಶೆಟ್ರೇ, ತಪ್ಪು ತಿಳೀಬ್ಯಾಡ್ರಿ. ರಾತ್ರಿ ನಿಮ್ಮ ಗೋಡಿ ನನ್ನ ಮಂಚ ಅಲುಗಾಡಿಸ್ತದ್ರಿ" ಎಂದರು. ನಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ನಾನು ತಲೆ ತಗ್ಗಿಸಿದೆ. ಮನೆಗೆ ಬಂದು ಹೇಳಿದರೆ ಮಗನ ಪರಿಹಾರ ಬೇರೆಯೇ ಇತ್ತು. ಈ ಪೆಟ್ಟಿಗೆ ಸಣ್ಣದು, ದೊಡ್ಡದು ತಂದರೆ ಏರಿಸುವ ಕೆಲಸವೇ ಇಲ್ಲ, ಇನ್ನು ಮೂವತ್ತು ಸಾವಿರ ಹಾಕೋಣ ಎಂದ. ನಾನೆಂದೆ, "ತೂಕ ತಪ್ಪಿದರೆ ಮೊದಲು ತಕ್ಕಡಿ ನಿಂತ ನೆಲ ನೋಡಬೇಕು, ಹೊಸ ತಕ್ಕಡಿ ಆಮೇಲೆ."

ಆಗ ರಜೆಗೆ ಬಂದಿದ್ದವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮೊಮ್ಮಗ. ಅವನು ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಟೇಪು ಹಿಡಿದು ಕೋಣೆಯನ್ನು ಅಳೆದ. ಉದ್ದ 16 ಅಡಿ, ಅಗಲ 12, ಎತ್ತರ 10. "ಅಜ್ಜ, ಬಚ್ಚಲುಮನೆಯಲ್ಲಿ ಗುನುಗಿದಾಗ ಯಾವುದೋ ಒಂದು ಸ್ವರಕ್ಕೆ ಮಾತ್ರ ಕೋಣೆ ಝುಮ್ ಅನ್ನುತ್ತದಲ್ಲ, ಇಲ್ಲಿಯೂ ಅದೇ" ಎಂದ.

ಲೆಕ್ಕ ಸುಲಭವಾಗಿದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಅದನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿರಿ. 16 ಅಡಿಗೆ ಸುಮಾರು 35 ಹರ್ಟ್ಜ್, 12 ಅಡಿಗೆ 47, 10 ಅಡಿಗೆ 56. ಈ ಸ್ವರಗಳು ಬಂದಾಗ ಎದುರುಬದುರು ಗೋಡೆಗಳು ಶಬ್ದವನ್ನು ಚೆಂಡಿನಂತೆ ತಾಳಕ್ಕೆ ಸರಿಯಾಗಿ ಎಸೆದಾಡುತ್ತವೆ. ಗೋಡೆಯ ಬಳಿ ಸದ್ದು ಉಬ್ಬುತ್ತದೆ, ನಡುಮಧ್ಯದಲ್ಲಿ ಬತ್ತಿ ಹೋಗುತ್ತದೆ. ಮಗ ಕೂತದ್ದು ಬತ್ತಿದ ಜಾಗ, ತಾಯಿ ಕೂತದ್ದು ಉಬ್ಬಿದ ಜಾಗ. ಪೆಟ್ಟಿಗೆ ಮೂಲೆಯಲ್ಲಿದ್ದರಂತೂ ಮೂರೂ ಸ್ವರಗಳು ಒಟ್ಟಿಗೇ ಕೆರಳುತ್ತವೆ.

ಅಮೆರಿಕದಂಥ ದೇಶಗಳಲ್ಲಿ ಬಹಳ ಮನೆಗಳ ಗೋಡೆ ಮರದ ಚೌಕಟ್ಟಿಗೆ ತೆಳು ಹಲಗೆ ಹೊಡೆದದ್ದು. ಆ ಹಲಗೆ ತುಸು ಬಾಗಿ ಬೇಸನ್ನು ಒಂದಿಷ್ಟು ನುಂಗುತ್ತದೆ. ನಮ್ಮ ಕಲ್ಲಿನ ಗೋಡೆ, ಕಡಪ ಕಲ್ಲಿನ ನೆಲ ಬಂದದ್ದನ್ನೆಲ್ಲ ಹಾಗೇ ಹಿಂದಕ್ಕೆ ಕೊಡುತ್ತವೆ. ದಪ್ಪ ಪರದೆ, ಲೋಡು, ಗಾದಿ ಹಾಕಿದರೆ ಸರಿಹೋದೀತೆಂದು ಹತ್ತಿಯ ವ್ಯಾಪಾರಿಯಾದ ನಾನು ಎಣಿಸಿದ್ದೆ. ಅರಳೆ ತುಂಬಿದ ಗೋದಾಮಿನಲ್ಲಿ ಮಾತಾಡಿದರೆ ದನಿ ಅಲ್ಲೇ ಅಡಗುವುದನ್ನು ಬಲ್ಲವರು ನಾವು. ಆದರೆ ಅದೇ ಗೋದಾಮಿನಲ್ಲಿ ಗೂಡ್ಸ್ ರೈಲಿನ ಗುಡುಗುಡು ಕೇಳಿಸುತ್ತಲೇ ಇರುತ್ತದೆ. 35 ಹರ್ಟ್ಜ್‌ನ ಒಂದು ಅಲೆಯ ಉದ್ದವೇ 32 ಅಡಿ. ನಾಲ್ಕು ಬೆರಳು ದಪ್ಪದ ಗಾದಿ ಅದನ್ನೇನು ತಡೆದೀತು!

ಇನ್ನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ, ಮಗ ಕೂರುವ ಜಾಗದಲ್ಲೇ ಇಟ್ಟೆವು. ಬೇಸ್ ಹೆಚ್ಚಿರುವ ಒಂದು ವಾದ್ಯವನ್ನು ಹಚ್ಚಿ, ಹುಡುಗ ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯುದ್ದಕ್ಕೂ ಕಿವಿಗೊಟ್ಟು ಬಂದ. ಮನೆಮಂದಿಯೆಲ್ಲ ನಕ್ಕರು. ತಕ್ಕಡಿಯ ತಟ್ಟೆ ಅದಲುಬದಲು ಮಾಡಿದರೂ ತೂಕ ಒಂದೇ ಇರಬೇಕಲ್ಲ, ಹಾಗೆಯೇ ಪೆಟ್ಟಿಗೆ ಮತ್ತು ಕಿವಿ ಜಾಗ ಬದಲಿಸಿಕೊಂಡರೂ ಕೇಳುವುದು ಅದೇ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳಿತೋ ಅದೇ ಪೆಟ್ಟಿಗೆಯ ಜಾಗ. ನಮ್ಮಲ್ಲಿ ಅದು ಟಿವಿಯ ಕೆಳಗೆ, ಅಗಲದ ನಡುಮಧ್ಯಕ್ಕೆ ಸಿಕ್ಕಿತು. ಅಲ್ಲಿ 47ರ ಸ್ವರ ಕೆರಳುವುದಿಲ್ಲ, ಪಕ್ಕದವರ ಗೋಡೆಯಿಂದಲೂ ದೂರ.

ಎರಡನೆಯದು, ಸೋಫಾವನ್ನು ಎರಡು ಅಡಿ ಹಿಂದಕ್ಕೆ, ಕುರ್ಚಿಯನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಸರಿಸಿದೆವು. ಮೂರನೆಯದು, ಪೆಟ್ಟಿಗೆಯ ಹಿಂದಿನ ಫೇಸ್ ಎಂಬ ಗುಂಡಿ. ಚಿಕ್ಕ ಸ್ಪೀಕರುಗಳಿಗೂ ಸಬ್‌ವೂಫರಿಗೂ ಪಾಲು ಹಂಚುವ 80 ಹರ್ಟ್ಜ್ ಸ್ವರ ಹಚ್ಚಿ, ಒಬ್ಬರು ಗುಂಡಿಯನ್ನು 0ಯಿಂದ 180ಕ್ಕೆ ತಿರುಗಿಸಬೇಕು, ಇನ್ನೊಬ್ಬರು ಸೋಫಾದಲ್ಲಿ ಕೂತು ಕೇಳಬೇಕು. ಯಾವುದರಲ್ಲಿ ಸದ್ದು ಹೆಚ್ಚೋ ಅದೇ ಸರಿ.

ಈಕ್ವಲೈಸರಿನ ಸರದಿ ಕೊನೆಗೆ. ಮೈಕನ್ನು ಒಂದೇ ಕಡೆ ಇಡದೆ ಮನೆಯವರು ಕೂರುವ ನಾಲ್ಕೈದು ಜಾಗದಲ್ಲಿಟ್ಟು ಅಳೆಯಬೇಕು. ಇದಕ್ಕೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕಾಸಿಲ್ಲದೆ ಸಿಗುತ್ತದೆ. ನಮ್ಮಲ್ಲಿ 70ರ ಸುತ್ತ ಒಂದು ಗುಡ್ಡ ಉಳಿದಿತ್ತು, ಆರು ಡೆಸಿಬೆಲ್ ತಗ್ಗಿಸಿದೆವು. ಒಂದು ಮಾತು ನೆನಪಿಡಿ: ಗುಡ್ಡವನ್ನು ಕಡಿಯಿರಿ, ಹಳ್ಳವನ್ನು ತುಂಬಲು ಹೋಗಬೇಡಿ. ಬತ್ತಿದ ಜಾಗಕ್ಕೆ ಶಕ್ತಿ ಸುರಿಯುವುದು, ದಿವಾಳಿಯಾದವನಿಗೆ ಮತ್ತೆ ಉದ್ದರಿ ಕೊಟ್ಟಂತೆ. ಎಷ್ಟು ಕೊಟ್ಟರೂ ಗೋಡೆಗಳು ಅಷ್ಟನ್ನೂ ಅಳಿಸಿಬಿಡುತ್ತವೆ, ಸುಡುವುದು ಪೆಟ್ಟಿಗೆಯೇ.

ದೊಡ್ಡ ಹಾಲ್ ಇರುವವರು ಒಂದು ಭಾರಿ ಪೆಟ್ಟಿಗೆಯ ಬದಲು ಎರಡು ಸಾಧಾರಣ ಪೆಟ್ಟಿಗೆಗಳನ್ನು ಎದುರುಬದುರು ಗೋಡೆಗಳ ನಡುಮಧ್ಯಕ್ಕೆ ಇಡುವುದು ಮೇಲು. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ ಎಂಬವರು 2002ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ನಮಗೆ ಆ ಖರ್ಚೂ ಬೇಕಾಗಲಿಲ್ಲ. ಮೂವತ್ತು ಸಾವಿರ ಉಳಿಯಿತು. ಮಗ ಮೊದಲಿನ ಅರ್ಧ ಸದ್ದಿಗೇ "ಈಗ ಸರಿ ಅಪ್ಪಾಜಿ" ಎಂದ. ತಾಯಿ ಪೂರ್ತಿ ಸಿನಿಮಾ ಕೂತು ನೋಡಿದಳು. ಆದರೂ ಒಂದು ನಿಜ ಹೇಳಬೇಕು. ಬೇಸ್ ಎಂಬುದು ಗೋಡೆ ದಾಟಿಯೇ ದಾಟುತ್ತದೆ. ಎಲ್ಲಿಟ್ಟರೂ ಒಂದಿಷ್ಟು ಆಚೆ ಹೋಗುತ್ತದೆ. ಅದಕ್ಕೆ ಯಂತ್ರದಲ್ಲಿ ಉಪಾಯವಿಲ್ಲ, ನಮ್ಮ ನಡತೆಯಲ್ಲಿದೆ. ನಮ್ಮದು ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುವ ಮನೆ. ಸಿನಿಮಾ ಬೇಗ ಹಚ್ಚಿ ಒಂಬತ್ತಕ್ಕೆ ಸಬ್‌ವೂಫರ್ ಬಂದ್ ಮಾಡುವುದೆಂದು ಮಗನೇ ಕಟ್ಟು ಹಾಕಿಕೊಂಡ. ಹೋಗಿ ಹಿರಿಯರಿಗೂ ತಾನೇ ಹೇಳಿ ಬಂದ.

ಮರುವಾರ ಅವರು ಅಂಗಡಿಗೆ ಬಂದಾಗ ನಾನೇ ಕೇಳಿದೆ. "ಮಂಚ ಸುಮ್ಮನದ ಶೆಟ್ರೇ, ಚಹಾ ತರಸ್ರಿ" ಎಂದರು.