ಗುಳಿಗೆಗೂ ಪಥ್ಯವುಂಟು

ಉಗರಗೋಳದ ಹಿರಿಯರೆ, ಅಕ್ಕ-ತಂಗಿಯರೆ, ಔಷಧಿ ಅಂಗಡಿಯ ಅಣ್ಣಂದಿರೆ,

ಬನದ ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡದ ದಾರಿಗಳೆಲ್ಲ ತುಂಬಿ ತುಳುಕುತ್ತವೆ. ಮಹಾರಾಷ್ಟ್ರ, ಗೋವಾದ ಮಂದಿಯೂ ಬರುತ್ತಾರೆ. ಅಷ್ಟು ಜನ ಸೇರಿದ ಮೇಲೆ ಹಿಂದೆಯೇ ನೆಗಡಿ, ಕೆಮ್ಮು, ಭೇದಿ ಬರುವುದೂ ಇದ್ದದ್ದೇ. ಆಗ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೇಳುವ ಮಾತು ಒಂದೇ: “ಚೀಟಿ ಇಲ್ರಿ. ಹೋದ ಸಲ ಕೊಟ್ಟಿದ್ರಲ್ಲ, ಆ ಪಾವರ್ ಗುಳಿಗಿ, ಎರಡ ಕೊಡ್ರಿ ಸಾಕು.” ಕತ್ತರಿ ಆಡುತ್ತದೆ. ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದು, ಗಿರಾಕಿಯ ಅಂಗೈಗೆ ಎರಡು ಗುಳಿಗೆ, ಹಿಂದೆ ಒಂದು ತುಂಡು ಕೆಂಪು ಗೆರೆ ಬರುತ್ತವೆ.

ಆ ಗೆರೆ ಅಂದಕ್ಕೆ ಎಳೆದದ್ದಲ್ಲ. ಆ ಪಾವರ್ ಗುಳಿಗೆ ಆಂಟಿಬಯೋಟಿಕ್, ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ ಎಂಬ ಗುರುತು ಅದು. ಕೇಂದ್ರ ಸರ್ಕಾರ 2016ರಲ್ಲಿ ಇದನ್ನೇ ದೇಶದ ತುಂಬ ಸಾರಿತು. ಔಷಧ ನಿಯಮಗಳಲ್ಲಿ 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಆಂಟಿಬಯೋಟಿಕ್ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಕೊಟ್ಟ ಪ್ರಮಾಣ ಎಲ್ಲ ಬೇರೆ ವಹಿಯಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಅಣ್ಣಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ನೆಗಡಿ ವೈರಾಣುವಿನಿಂದ ಬರುತ್ತದೆ, ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಎರಡಕ್ಕೂ ಸಂಬಂಧವೇ ಇಲ್ಲ. ಭೇದಿಗೂ ಬಹಳ ಸಲ ಓಆರ್‌ಎಸ್ ನೀರು, ಗಂಜಿ ಸಾಕು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ, ನೊಬೆಲ್ ಉಪನ್ಯಾಸದಲ್ಲಿ, ಒಂದು ಕಲ್ಪಿತ ಪ್ರಸಂಗ ಹೇಳಿದ್ದರು: ಗಂಟಲು ನೋವಿದ್ದ ಒಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ, ಸಾಯದೆ ಪಳಗಿದ ರೋಗಾಣು ಹೆಂಡತಿಗೆ ಅಂಟುತ್ತದೆ, ಆಕೆಗೆ ನ್ಯುಮೋನಿಯಾ ಆದಾಗ ಅದೇ ಔಷಧ ನಾಟದೆ ಆಕೆ ಸಾಯುತ್ತಾಳೆ. ತಪ್ಪು ಮಾಡಿದವನಲ್ಲ, ಪಕ್ಕದವಳು ಸತ್ತಳು. ಜಾತ್ರೆಯ ಊರಿನವರಾದ ನಮಗೆ ಪಕ್ಕದವರು ಎಷ್ಟು ಮಂದಿ, ಲೆಕ್ಕ ಹಾಕಿ.

ನಮ್ಮ ಕಡೆ ಕಾಮಣಿಗೆ ನಾಟಿ ಔಷಧ ಕೊಡುವವರನ್ನು ನೆನೆಯಿರಿ. ಎಷ್ಟು ದಿನವಾಯಿತು, ಬಸುರಿಯೇ, ಏನು ಉಂಡೆ ಎಂದು ಕೇಳದೆ ಸೊಪ್ಪು ಅರೆಯುವುದಿಲ್ಲ. ಬರೀ ಹೊಟ್ಟೆಯಲ್ಲಿ ಕುಡಿ, ಎಣ್ಣೆ ಬೇಡ, ಖಾರ ಬೇಡ, ಇಷ್ಟು ದಿನ ತಪ್ಪಿಸಬೇಡ ಎಂದು ತಾಕೀತು ಬೇರೆ. ಸೊಪ್ಪಿನ ರಸಕ್ಕೆ ಇಷ್ಟು ಪಥ್ಯ ಹಿಡಿಯುವ ನಾವು, ಅದಕ್ಕಿಂತ ಎಷ್ಟೋ ಜೋರಾದ ಗುಳಿಗೆಯನ್ನು ಚುರುಮುರಿಯಂತೆ ಮುಕ್ಕುವುದೇ?

ಹಾಗೆಂದು ನಾಟಿ ಔಷಧ ಎಲ್ಲಕ್ಕೂ ಆದೀತು ಎನ್ನುವವನಲ್ಲ ನಾನು. ಕೆಮ್ಮಿಗೆ ಶುಂಠಿ ಕಷಾಯ ಕುಡಿಯಿರಿ, ಹಿತವಾಗುತ್ತದೆ. ಆದರೆ ಕೂಸು ಏದುಸಿರು ಬಿಡುತ್ತಿದ್ದರೆ, ಎದೆಯ ಗೂಡು ಒಳಗೆ ಸೆಳೆಯುತ್ತಿದ್ದರೆ, ಭಂಡಾರ ಹಚ್ಚಿ ಹರಕೆ ಹೊತ್ತರೂ ಸರಿ, ಹೊತ್ತು ಕಳೆಯದೆ ಸವದತ್ತಿಯ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಂಟಿಬಯೋಟಿಕ್ ಬೇಕೇ ಬೇಕಾದೀತು. ಬರೆದುಕೊಟ್ಟಷ್ಟು ದಿನ ಪೂರ್ತಿ ಕೊಡಿ. ಮನೆಯಲ್ಲಿ ಯಾವ ಬೇರು, ಯಾವ ಪುಡಿ ಕೊಟ್ಟಿದ್ದೀರೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈದಾರೆಂದು ತಾಂಡಾದ ತಾಯಂದಿರು ಬಾಯಿ ಬಿಡುವುದಿಲ್ಲ. ಡಾಕ್ಟರೇ, ದಯವಿಟ್ಟು ಬೈಯಬೇಡಿ. ಸಾಂಪ್ರದಾಯಿಕ ಔಷಧಗಳ ಅಧ್ಯಯನಕ್ಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ. ಹಳ್ಳಿಯ ಬೇರಿಗೂ ಅಷ್ಟು ಗೌರವ ಸಲ್ಲುತ್ತಿದೆ.

ಕುರಿಗಾರ ಅಣ್ಣಂದಿರಿಗೂ ಒಂದು ಮಾತು. ಹೆಗಲ ಚೀಲದಲ್ಲಿ ಸಿರಿಂಜು, ಆಕ್ಸಿಟೆಟ್ರಾಸೈಕ್ಲಿನ್ ಬಾಟಲಿ ಇಟ್ಟುಕೊಂಡು ಕುಂಟಿದ ಕುರಿಗೂ ಕೆಮ್ಮಿದ ಕುರಿಗೂ ಅದನ್ನೇ ಚುಚ್ಚಬೇಡಿ, ಪಶುವೈದ್ಯರನ್ನು ಕೇಳಿ. ಚುಚ್ಚಿದ ಮೇಲೆ ಬಾಟಲಿಯ ಮೇಲೆ ಬರೆದಷ್ಟು ದಿನ ಆ ಕುರಿಯನ್ನು ಕೊಯ್ಯಲು ಮಾರಬೇಡಿ.

ಭಾರತ ಹುಣ್ಣಿಮೆಗೆ ಮೊದಲು ಗ್ರಾಮ ಪಂಚಾಯಿತಿ ಒಂದು ಸಭೆ ಕರೆಯಲಿ. ಆಶಾ ಕಾರ್ಯಕರ್ತೆಯರು, ಅಂಗಡಿಯವರು, ನಾಟಿ ಔಷಧ ಕೊಡುವವರು, ಕುರಿಗಾರರು ಒಂದೇ ಜಮಖಾನೆಯ ಮೇಲೆ ಕೂಡ್ರಲಿ. ಬರುವಾಗ ಮಾಡದಲ್ಲಿ ಉಳಿದಿರುವ ಅರ್ಧ ಪಟ್ಟಿ ಗುಳಿಗೆಗಳನ್ನೂ ತನ್ನಿ.