ಕೊಳ್ಳದವರಿಗೂ ಬೇಕಾದ ಕಾರು ವಿಮರ್ಶೆ

ಐವತ್ತು ಲಕ್ಷದ ಚೀನಾ ಎಲೆಕ್ಟ್ರಿಕ್ ಕಾರಿನ ವಿಮರ್ಶೆಯನ್ನು ಸವದತ್ತಿ ಸೀಮೆಯ ಮುನವಳ್ಳಿಯಲ್ಲಿ ಕುಳಿತು ಓದುವವರಲ್ಲಿ ಅದನ್ನು ಕೊಳ್ಳುವವರು ತೀರಾ ವಿರಳ. ಆದರೂ ಓದುತ್ತಾರೆ, ವಿಡಿಯೊ ನೋಡುತ್ತಾರೆ, ಚಹಾದಂಗಡಿಯಲ್ಲಿ ವಾದಿಸುತ್ತಾರೆ. ನಾಳೆ ಹತ್ತು ಲಕ್ಷದ ಎಲೆಕ್ಟ್ರಿಕ್ ಕಾರನ್ನೋ ಒಂದು ಲಕ್ಷದ ಸ್ಕೂಟರನ್ನೋ ಕೊಳ್ಳಲು ಹೋದಾಗ ಏನೇನು ಕೇಳಬೇಕೆಂಬುದನ್ನು ಅವರು ಕಲಿಯುವುದು ಇಲ್ಲಿಂದಲೇ. ಆದ್ದರಿಂದ ದುಬಾರಿ ಕಾರನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಶ್ರೀಮಂತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಷೋರೂಮಿನಿಂದ ದೂರವಿರುವ ಊರಿನ ಅಳತೆಗೋಲಿನಿಂದಲೇ ಅಳೆಯಬೇಕು ಎಂಬುದು ನನ್ನ ನಿಲುವು.

ಚೀನಾದ ಬಿವೈಡಿ ಕಂಪನಿ 2025ರ ಫೆಬ್ರುವರಿಯಲ್ಲಿ ಭಾರತದಲ್ಲಿ ಮಾರಾಟಕ್ಕೆ ತಂದ ಸೀಲಯನ್ 7 ಕಾರನ್ನೇ ನೋಡೋಣ. ಆಗ ಅದರ ಬೆಲೆ 48.90 ಲಕ್ಷ ರೂಪಾಯಿಯಿಂದ ಶುರುವಾಗಿತ್ತು, ಬ್ಯಾಟರಿ 82.56 ಯೂನಿಟ್‌ನದು. ಒಮ್ಮೆ ಚಾರ್ಜ್ ಮಾಡಿದರೆ 567 ಕಿ.ಮೀ. ಓಡುತ್ತದೆ ಎಂಬುದು ಪ್ರಚಾರದ ಅಂಕಿ. ಅದು ಬಂದದ್ದು ಎನ್‌ಇಡಿಸಿ ಎಂಬ ಹಳೆಯ ಪ್ರಯೋಗಾಲಯ ಪರೀಕ್ಷೆಯಿಂದ. 2017ರಲ್ಲಿ ಯುರೋಪು ಅದರ ಬದಲಿಗೆ ಡಬ್ಲ್ಯೂಎಲ್‌ಟಿಪಿ ಎಂಬ ಹೆಚ್ಚು ಬಿಗಿಯಾದ ಪರೀಕ್ಷೆ ತಂದಿತು. ಅದರಲ್ಲಿ ಹಿಂಚಕ್ರ ಚಾಲನೆಯ ಸೀಲಯನ್ 7ಕ್ಕೆ ಸಿಕ್ಕಿದ್ದು 482 ಕಿ.ಮೀ. ಮುನವಳ್ಳಿಯಿಂದ ಬೆಂಗಳೂರು 450 ಕಿ.ಮೀ.ಗೂ ಮೇಲೆ. ಮೊದಲ ಅಂಕಿ ನಂಬಿದವರು ನೂರು ಕಿ.ಮೀ. ಮಿಗಿಸಿಕೊಂಡೇ ಮುಟ್ಟುತ್ತೇವೆ ಅಂದುಕೊಳ್ಳುತ್ತಾರೆ. ಎರಡನೆಯದನ್ನು ನೋಡಿದವರು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಚಾರ್ಜಿಗೆ ನಿಲ್ಲುವ ಲೆಕ್ಕ ಹಾಕಿಯೇ ಹೊರಡುತ್ತಾರೆ. ವಿಮರ್ಶಕ ಕೊಡಬೇಕಾದ್ದು ಈ ಎರಡನೆಯ ಲೆಕ್ಕ.

ಇನ್ನು ಕರೆಂಟು. ನಮ್ಮ ಹೊಲದ ಐದು ಎಚ್‌ಪಿ ಪಂಪ್‌ಸೆಟ್ ಸುಮಾರು ಇಪ್ಪತ್ತು ತಾಸು ಓಡಿದರೆ ಎಷ್ಟು ವಿದ್ಯುತ್ ಬೇಕೋ, ಈ ಬ್ಯಾಟರಿ ಬರಿದಿನಿಂದ ತುಂಬಲು ಹೆಚ್ಚುಕಡಿಮೆ ಅಷ್ಟೇ ಬೇಕು. ದಿನಕ್ಕೆ ಏಳು ತಾಸು ತ್ರೀ ಫೇಸ್ ಸಿಗುವ ರೈತನಿಗೆ ಅದು ಮೂರು ದಿನದ ನೀರು. ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ ತುಂಬಿಸಲು ಹೋದರೆ ಒಂದು ಹಗಲು, ಒಂದು ರಾತ್ರಿ ಸಾಲದು. ಏಳು ಕಿಲೊವ್ಯಾಟ್ ಚಾರ್ಜರ್ ಹಾಕಿಸಿದರೆ ಹನ್ನೆರಡು ತಾಸು. ಅದಕ್ಕೆ ಮೊದಲು ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ಮನೆಯ ಲೋಡ್ ಹೆಚ್ಚಿಸಿಕೊಳ್ಳಬೇಕಾದೀತು. ಆಸನದ ಚರ್ಮ, ತಿರುಗುವ ಪರದೆ, ಸ್ಪೀಕರುಗಳನ್ನು ಬಣ್ಣಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ಹೇಳಬೇಡವೇ?

ವಿಮರ್ಶೆಯಲ್ಲಿ ಬೀದಿಯಲ್ಲಿ ನಡೆಯುವವರ ಪಾಲೂ ಇದೆ. ಈ ಕಾರಿನ ನಾಲ್ಕೂ ಚಕ್ರ ಚಾಲನೆಯ ಮಾದರಿ ಸುಮಾರು 2,340 ಕಿಲೊ ತೂಗುತ್ತದೆ, ಅಂದರೆ ಮೂರು ಆಲ್ಟೊ ಕಾರುಗಳ ತೂಕ. 4.5 ಸೆಕೆಂಡಿನಲ್ಲಿ ನೂರು ಕಿ.ಮೀ. ವೇಗ ಮುಟ್ಟುತ್ತದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟುವ ಸವದತ್ತಿ ಸೀಮೆಯ ರಸ್ತೆಗಳಲ್ಲಿ ಈ ವೇಗ ಯಾರಿಗೂ ಉಪಕಾರವಲ್ಲ. ಹನ್ನೊಂದು ಏರ್‌ಬ್ಯಾಗ್ ಒಳಗಿದ್ದವರನ್ನು ಕಾಯುತ್ತವೆ. ಹೊರಗಿದ್ದವರನ್ನು ಕಾಯುವುದು ಬ್ರೇಕು ಮತ್ತು ಚಾಲಕನ ವಿವೇಕ. ವಿಮರ್ಶೆ ಬ್ರೇಕನ್ನು ವೇಗಕ್ಕಿಂತ ಮುಂದೆ ಇಡಬೇಕು.

ಚೀನಾದ್ದು ಎಂಬ ಒಂದೇ ಕಾರಣಕ್ಕೆ ಹಳಿಯುವುದು ಮಾತ್ರ ವಿಮರ್ಶೆಯಲ್ಲ. 1995ರಲ್ಲಿ ಶೆನ್ಜೆನ್‌ನಲ್ಲಿ ಬ್ಯಾಟರಿ ತಯಾರಕನಾಗಿ ಹುಟ್ಟಿದ ಬಿವೈಡಿ 2020ರಲ್ಲಿ ತಂದ ಬ್ಲೇಡ್ ಬ್ಯಾಟರಿ ಗಟ್ಟಿ ಸಾಧನೆ. ಲಿಥಿಯಂ, ಕಬ್ಬಿಣ, ಫಾಸ್ಫೇಟ್‌ಗಳ ಆ ರಚನೆಗೆ ಕೋಬಾಲ್ಟ್ ಬೇಡ, ನಿಕ್ಕಲ್ ಬೇಡ. ಬಿಸಿ ತಾಳುವ ಶಕ್ತಿಯೂ ಹೆಚ್ಚು. ನಮ್ಮ ಬೇಸಿಗೆಗೆ ಇದು ಸಣ್ಣ ಗುಣವಲ್ಲ. ಮಹೀಂದ್ರಾದ ಬಿಇ 6 ಕೂಡ ಓಡುವುದು ಬಿವೈಡಿಯ ಸೆಲ್ಲುಗಳ ಮೇಲೆ. ಮೇಲಿನ ಲಾಂಛನ ನೋಡಿ ದೇಶಭಕ್ತಿ ಅಳೆದರೆ ಒಳಗಿನ ಸತ್ಯ ಕೈತಪ್ಪುತ್ತದೆ.

ಚೀನಾದ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ಮೋಟಾರುಗಳಿಗೆ ಬೇಕಾದ ವಿರಳ ಭೂಲೋಹದ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ಭಾರತದ ವಾಹನ ಕಾರ್ಖಾನೆಗಳೂ ತತ್ತರಿಸಿದವು. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಕೊಟ್ಟವರ ಮಾತು, ಎರಡು ಸರ್ಕಾರಗಳು ಮುನಿಸಿಕೊಂಡ ವರ್ಷದಲ್ಲೂ ನಡೆಯುತ್ತದೆಯೇ? ಬಿಡಿಭಾಗ ದೇಶದೊಳಗೆ ದಾಸ್ತಾನಿದೆಯೇ? ದೋಷ ಪತ್ತೆಯ ಸಾಫ್ಟ್‌ವೇರ್ ಕಂಪನಿಯ ಹೊರಗಿನ ಮೆಕ್ಯಾನಿಕ್‌ಗೂ ತೆರೆದಿದೆಯೇ? ಸವದತ್ತಿ ದಾರಿಯಲ್ಲಿ ಕೆಟ್ಟು ನಿಂತರೆ ಯಾವ ಊರಿನಿಂದ, ಎಷ್ಟು ತಾಸಿಗೆ ಬರುತ್ತಾರೆ?

ಐಷಾರಾಮಿ ಕಾರನ್ನು ಸಣ್ಣ ಊರಿನ ಅಳತೆಗೆ ಹಿಡಿಯುವುದು ಅನ್ಯಾಯ, ಅದನ್ನು ಮಾಡಿದ್ದೇ ಬೇರೆಯವರಿಗೆ ಎಂಬ ಆಕ್ಷೇಪ ಬರಬಹುದು. ಆದರೆ ಕಾರು ಖಾಸಗಿಯಾದರೂ ರಸ್ತೆ, ವಿದ್ಯುತ್ ಜಾಲ ಎರಡೂ ಎಲ್ಲರವು. ಕರ್ನಾಟಕ ಸರ್ಕಾರವೂ 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ಹಾಕಿತು. ಅಲ್ಲದೆ ಇಂದು ಮೇಲಿನ ಕಾರಿನಲ್ಲಿ ಬಂದ ತಂತ್ರ ನಾಳೆ ಕೆಳಗಿನ ಕಾರಿಗೆ ಇಳಿಯುತ್ತದೆ. ಅದರ ಜೊತೆಗೇ ಉಬ್ಬಿಸಿದ ಅಂಕಿ, ಬೀಗ ಹಾಕಿದ ಸಾಫ್ಟ್‌ವೇರ್, ಸಿಗದ ಬಿಡಿಭಾಗವೂ ಇಳಿಯುತ್ತವೆ. ಐವತ್ತು ಲಕ್ಷ ಕೊಟ್ಟವರು ನಷ್ಟ ತಾಳಿಕೊಳ್ಳಬಲ್ಲರು. ಸಾಲ ಮಾಡಿ ಹತ್ತು ಲಕ್ಷ ಹೊಂದಿಸಿದವರು ತಾಳಲಾರರು. ಅವರ ಪರವಾಗಿ ಪ್ರಶ್ನೆ ಕೇಳುವ ಅಭ್ಯಾಸವನ್ನು ವಿಮರ್ಶಕರು ದೊಡ್ಡ ಕಾರಿನಿಂದಲೇ ಆರಂಭಿಸಬೇಕು.