ಬಂಡವಾಳವಿಲ್ಲದ ವ್ಯಾಪಾರ, ಕೂಲಿಯಿಲ್ಲದ ಸೇವೆ

"ಮೊಬೈಲ್ ಒಂದಿದ್ದರೆ ಸಾಕು, ಬಂಡವಾಳವೇ ಬೇಡ" ಎನ್ನುವ ವಿಡಿಯೋಗಳು ದಿನಕ್ಕೆ ಹತ್ತಾದರೂ ಕಣ್ಣಿಗೆ ಬೀಳುತ್ತವೆ. ಇನ್ನೊಂದು ಕಡೆ, ಆನ್‌ಲೈನಿನಲ್ಲಿ ಕನ್ನಡ ಪುಸ್ತಕ ಮಾರುವವರನ್ನು ಕಂಡರೆ "ದೊಡ್ಡ ಸೇವೆ ಮಾಡ್ತಿದೀರಿ" ಎಂದು ಬೆನ್ನು ತಟ್ಟುವ ಸಾಹಿತ್ಯಾಭಿಮಾನಿಗಳಿದ್ದಾರೆ. ಈ ಎರಡು ಗುಂಪಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೆ ಮಾರುವವರ ದುಡಿಮೆಗೆ ಬೆಲೆಯಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರದೂ ಒಮ್ಮತ.

ನಾನು ಸಂಶೋಧನಾ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಹಳೆಯ ಕನ್ನಡ ಪುಸ್ತಕಗಳನ್ನು ವಾಟ್ಸಾಪಿನಲ್ಲಿ ಮಾರುತ್ತಿದ್ದೇನೆ. ಮೂರು ಸಾವಿರ ರೂಪಾಯಿಯಲ್ಲಿ ಶುರು ಮಾಡಿದ್ದು. ಫೆಲೋಶಿಪ್ ಬಂದಾಗ ಬಂತು ಎನ್ನುವ ಸ್ಥಿತಿಯಲ್ಲಿ ಇದು ಹವ್ಯಾಸವಲ್ಲ, ಮೆಸ್ ಬಿಲ್ಲಿನ ಪ್ರಶ್ನೆ.

ಖರ್ಚಿಲ್ಲದೆ ಸಿಗುವುದೂ ಇದೆ, ಇಲ್ಲವೆನ್ನುವುದಿಲ್ಲ. ಯುಪಿಐನಲ್ಲಿ ಹಣ ಪಡೆಯಲು ನಾನು ಶುಲ್ಕ ಕೊಡಬೇಕಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಹಾಸ್ಟೆಲ್ ಮಂಚದ ಕೆಳಗಿನ ಜಾಗವೇ ಗೋದಾಮು. ವೆಬ್‌ಸೈಟ್ ಇನ್ನೂ ಬೇಕಾಗಿಲ್ಲ. ಲೋಗೋ ಅಂತೂ ಬೇಡವೇ ಬೇಡ.

ಈಗ ಲೆಕ್ಕಕ್ಕೆ ಬನ್ನಿ. ಅವೆನ್ಯೂ ರಸ್ತೆಯಲ್ಲಿ 60 ರೂಪಾಯಿಗೆ ಸಿಕ್ಕ ಕಾದಂಬರಿಯನ್ನು 120ಕ್ಕೆ ಮಾರಿದೆ ಎನ್ನಿ. ಅರವತ್ತು ಲಾಭ ಎಂದು ವಿಡಿಯೋದವರು ಕುಣಿಯುತ್ತಾರೆ. ರಟ್ಟು, ಟೇಪು, ಓಡಾಟದ ಖರ್ಚು ಕಳೆದರೆ ಉಳಿಯುವುದು 40. ಅಷ್ಟಕ್ಕಾಗಿ ರಾಶಿಯಲ್ಲಿ ಹುಡುಕಬೇಕು, ಧೂಳು ಒರೆಸಬೇಕು, ಪುಟ ಕಳೆದಿದೆಯೇ ಎಂದು ತಿರುವಿ ನೋಡಬೇಕು, ಬೆಳಕು ಸರಿಯಿರುವಾಗ ಫೋಟೊ ತೆಗೆಯಬೇಕು. ಆಮೇಲೆ "ಇದೆಯಾ?", "ಲಾಸ್ಟ್ ಎಷ್ಟು?", "ಬೆನ್ನಿನ ಫೋಟೊ ಕಳಿಸಿ". ಅಲ್ಲಿಂದ ಎರಡು ದಿನ ಮೌನ. ಕೊನೆಗೊಮ್ಮೆ ಪಿನ್‌ಕೋಡ್ ಇಲ್ಲದ ವಿಳಾಸ. ಒಂದು ತಿಂಗಳು ಗಡಿಯಾರ ನೋಡಿ ಬರೆದಿಟ್ಟೆ: ಪುಸ್ತಕವೊಂದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಬಂಡವಾಳ ಬೇಡ ಎನ್ನುವವರು ಮುಚ್ಚಿಡುವುದು ಈ ಗಂಟೆಯನ್ನೇ.

ಇನ್ನು ಅಂಚೆ. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಂತುಹೋಯಿತು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ನಡುವಿನ ನಾಲ್ಕು ತಿಂಗಳು ಎಷ್ಟೋ ಸಲ ಪುಸ್ತಕಕ್ಕಿಂತ ಅದರ ಪ್ರಯಾಣವೇ ದುಬಾರಿಯಾಯಿತು. ಕನ್ನಡಕ್ಕೆ ಓದುಗರಿಲ್ಲ ಎಂದು ವೇದಿಕೆಗಳಲ್ಲಿ ಮರುಗುವವರ ಬಾಯಿಂದ ಆಗ ಅಂಚೆ ದರದ ಮಾತು ಒಮ್ಮೆಯೂ ನನ್ನ ಕಿವಿಗೆ ಬೀಳಲಿಲ್ಲ. ಸಿಂದಗಿಯಲ್ಲಿ ಕೂತ ಓದುಗರಿಗೆ ಪುಸ್ತಕ ತಲುಪುವುದು ಭಾಷಣದಿಂದಲ್ಲ, ಚೀಲದಲ್ಲಿ.

"ದೊಡ್ಡ ಕಂಪನಿಗಳು ಉಚಿತವಾಗಿ ಕಳಿಸ್ತವಲ್ಲ" ಎಂದು ಕೇಳುವವರೂ ಇದ್ದಾರೆ. ಉಚಿತ ಎನ್ನುವುದೇನೂ ಅಲ್ಲಿಲ್ಲ. ಆ ಹಣ ಒಂದೋ ಬೆಲೆಯೊಳಗೆ ಸೇರಿರುತ್ತದೆ, ಇಲ್ಲವೇ ನಷ್ಟ ತಡೆಯುವ ತಾಕತ್ತಿನಿಂದ ಬರುತ್ತದೆ. ಮಂಚದ ಕೆಳಗಿನ ಅಂಗಡಿ ಅದನ್ನು ಅನುಕರಿಸಿದರೆ ಮೂರನೇ ತಿಂಗಳಿಗೆ ಬಾಗಿಲು.

ಸೇವೆಯ ಮಾತು ಬಂದಾಗಲೆಲ್ಲ ಗಳಗನಾಥರ ಹೆಸರು ಬರುತ್ತದೆ: ಪುಸ್ತಕದ ಗಂಟು ಹೊತ್ತು ಊರೂರು ಅಲೆದರಲ್ಲ, ನೀವೇನು ಮಹಾ? ಗೌರವದಿಂದಲೇ ಹೇಳುತ್ತೇನೆ, ಅವರು ಪುಸ್ತಕ ಹಂಚಲಿಲ್ಲ, ಮಾರಿದರು. ಲೇಖಕನೊಬ್ಬ ಗಂಟು ಹೊರಬೇಕಾಗಿ ಬಂದದ್ದು ನಾಡು ನಾಚಿಕೊಳ್ಳಬೇಕಾದ ಸಂಗತಿ. ಅದನ್ನು ಆದರ್ಶ ಮಾಡಿ ಮುಂದಿನವರ ತಲೆಯ ಮೇಲೂ ಹೊರಿಸುವುದು ಯಾವ ಭಾಷಾಪ್ರೇಮ?

ಈಗ ನನ್ನ ಬಿಲ್ಲಿನಲ್ಲಿ ಮೂರು ಸಾಲುಗಳಿವೆ: ಪುಸ್ತಕದ ಬೆಲೆ, ಅಂಚೆ, ಕೂಲಿ 30 ರೂಪಾಯಿ. ಕೆಲವರು ಗುಂಪು ಬಿಟ್ಟುಹೋದರು. ಪ್ರತಿ ತಿಂಗಳೂ ಕೊಳ್ಳುವ ನಿವೃತ್ತ ಮೇಷ್ಟ್ರೊಬ್ಬರು ಹಣ ಕಳಿಸಿ, ಜೊತೆಗೆ ಬರೆದರು: "ಕೂಲಿ ಅನ್ನೋ ಪದ ಚೆನ್ನಾಗಿಲ್ಲಮ್ಮ, ಪ್ರೋತ್ಸಾಹಧನ ಅಂತ ಹಾಕು." ಪದ ಬದಲಾಯಿಸಿಲ್ಲ. ಮೇಷ್ಟ್ರೂ ಕೊಳ್ಳುವುದನ್ನು ಬಿಟ್ಟಿಲ್ಲ.